ಚಿಪ್ ನೋಡಿ ಕಾರ್ಡ್ ಕೊಳ್ಳಿ
ಯುನಿಕ್ಸ್ ಬಳಗದ ಆಪರೇಟಿಂಗ್ ಸಿಸ್ಟಂಗಳಿಗೆ ನೆಟ್‌ವರ್ಕ್ ಕಾರ್ಡ್ ಆರಿಸುವ ಬಗೆ

ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಫ್ರೀಬಿಎಸ್‌ಡಿಯನ್ನೋ ಓಪನ್‌ಬಿಎಸ್‌ಡಿಯನ್ನೋ ಲಿನಕ್ಸನ್ನೋ ಹಾಕಿ ಮನೆಗೆ ಅಥವಾ ಸಣ್ಣ ಕಚೇರಿಗೆ ಫೈರ್‌ವಾಲ್ ಮಾಡಿಕೊಳ್ಳುವವರು ಈಗ ಬಹಳ ಮಂದಿ ಇದ್ದಾರೆ. ಯಂತ್ರ ಕೈಯಲ್ಲೇ ಇರುತ್ತದೆ, ಆಪರೇಟಿಂಗ್ ಸಿಸ್ಟಂ ಪುಕ್ಕಟೆ. ದುಡ್ಡು ಕೊಟ್ಟು ತರಬೇಕಾದ್ದು ಸಾಮಾನ್ಯವಾಗಿ ಒಂದೇ ವಸ್ತು: ಎರಡನೆಯ ನೆಟ್‌ವರ್ಕ್ ಕಾರ್ಡ್. ಇಂಟರ್ನೆಟ್ ಒಂದು ಪೋರ್ಟಿನಿಂದ ಒಳಬಂದು, ಸೋಸಿಕೊಂಡು, ಇನ್ನೊಂದು ಪೋರ್ಟಿನಿಂದ ಮನೆಯ ಜಾಲಕ್ಕೆ ಹೋಗಬೇಕಲ್ಲ.

ಈ ಒಂದು ವಸ್ತುವಿನಲ್ಲೇ ಎಡವುವವರು ಹೆಚ್ಚು. ವಿಂಡೋಸ್ ಯಂತ್ರಕ್ಕೆ ಕಾರ್ಡ್ ತಂದರೆ ತಯಾರಕರು ಕೊಟ್ಟ ಡ್ರೈವರ್ ಹಾಕಿಕೊಂಡು ಮುಂದೆ ಹೋಗಬಹುದು. ಯುನಿಕ್ಸ್ ಬಳಗದಲ್ಲಿ ಡ್ರೈವರ್ ಬರುವುದು ಕರ್ನಲ್ ಜೊತೆಗೇ. ಕರ್ನಲ್‌ಗೆ ಗೊತ್ತಿರುವ ಚಿಪ್ ಆದರೆ ಕಾರ್ಡ್ ಸಿಕ್ಕಿಸಿದ ಕೂಡಲೇ ಕೆಲಸ ಶುರು. ಗೊತ್ತಿಲ್ಲದ ಚಿಪ್ ಆದರೆ ಆ ಕಾರ್ಡಿಗೆ ಎಷ್ಟು ಬೆಲೆ ಕೊಟ್ಟಿದ್ದರೂ ಅದು ತಗಡಿನ ತುಂಡು. ಆದ್ದರಿಂದ ಆಯ್ಕೆ ಶುರುವಾಗಬೇಕಾದ್ದು ಅಂಗಡಿಯಲ್ಲಲ್ಲ, ಡ್ರೈವರಿನ ಮ್ಯಾನ್ ಪುಟದಲ್ಲಿ. ಯಾವ ಚಿಪ್‌ಗೆ ಒಳ್ಳೆಯ ಡ್ರೈವರ್ ಇದೆ ಎಂದು ಮೊದಲು ನೋಡಿ, ಆ ಚಿಪ್ ಇರುವ ಕಾರ್ಡನ್ನು ಆಮೇಲೆ ಹುಡುಕುವುದು ಇಲ್ಲಿನ ಕ್ರಮ.

ಪೆಟ್ಟಿಗೆಯ ಹೆಸರು ಬೇರೆ, ಒಳಗಿನ ಚಿಪ್ ಬೇರೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಲಾಗಿರುವ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದಕ್ಕೆ ಹೋಗಿ "ಅಣ್ಣ, ಈ ಕಾರ್ಡಲ್ಲಿ ಯಾವ ಚಿಪ್ ಇದೆ?" ಎಂದು ಕೇಳಿ. "ಗಿಗಾಬಿಟ್ ಸಾರ್, ಎಲ್ಲದಕ್ಕೂ ಆಗತ್ತೆ" ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಅಂಗಡಿಯವರದೂ ತಪ್ಪಿಲ್ಲ. ಪೆಟ್ಟಿಗೆಯ ಮೇಲೆ ಬ್ರ್ಯಾಂಡ್, ವೇಗ, ವಿಂಡೋಸ್ ಆವೃತ್ತಿಗಳು ಇರುತ್ತವೆ. ಚಿಪ್ಪಿನ ಹೆಸರು ಇರುವುದು ಅಪರೂಪ.

ಕಾರ್ಡಿನ ಬ್ರ್ಯಾಂಡ್‌ಗಳು ನೂರಾರು. ಒಳಗಿನ ಈಥರ್ನೆಟ್ ಚಿಪ್ ಮಾಡುವವರು ಬೆರಳೆಣಿಕೆಯಷ್ಟು: ಇಂಟೆಲ್, ರಿಯಲ್‌ಟೆಕ್, ಬ್ರಾಡ್‌ಕಾಮ್, ಮಾರ್ವೆಲ್, 2020ರಲ್ಲಿ ಎನ್‌ವಿಡಿಯಾ ಪಾಲಾದ ಮೆಲನಾಕ್ಸ್, ಚೆಲ್ಸಿಯೊ, ಇನ್ನು ಕೆಲವರು. ಒಂದೇ ಬ್ರ್ಯಾಂಡಿನ ಒಂದೇ ಮಾದರಿಯಲ್ಲಿ ಬೇರೆ ಬೇರೆ ಚಿಪ್ ಇರುವುದೂ ಉಂಟು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಯುಎಸ್‌ಬಿ ವೈ-ಫೈ ಕಡ್ಡಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಎಥರಾಸ್ ಎಆರ್9271 ಚಿಪ್ ಇತ್ತು. ಅದರ ಲಿನಕ್ಸ್ ಡ್ರೈವರ್ ಗಟ್ಟಿ. ಫರ್ಮ್‌ವೇರಿನ ಮೂಲ ಕೋಡ್ ಕೂಡ ಬಹಿರಂಗ. ಎರಡನೆಯ ಆವೃತ್ತಿಯಿಂದ ಒಳಗೆ ಕುಳಿತದ್ದು ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್. ಹೊರನೋಟ, ಹೆಸರು, ಆಂಟೆನಾ ಎಲ್ಲ ಅದೇ. ಚೀಟಿಯ ಮೂಲೆಯಲ್ಲಿ ಚಿಕ್ಕ ಅಕ್ಷರದ ಆವೃತ್ತಿ ಸಂಖ್ಯೆ ಮಾತ್ರ ಬೇರೆ. ಹಳೆಯ ಹೊಗಳಿಕೆ ಓದಿಕೊಂಡು ಹೊಸದನ್ನು ಕೊಂಡವರಿಗೆ ಸಿಕ್ಕಿದ್ದು ಇನ್ನೊಂದೇ ಸಾಧನ. ಮಾದರಿ ಸಂಖ್ಯೆಯ ಜೊತೆಗೆ ಆವೃತ್ತಿಯನ್ನೂ ನೋಡಬೇಕು ಎಂಬ ಪಾಠ ಇಲ್ಲಿದೆ.

ಚಿಪ್ಪನ್ನು ನಿಖರವಾಗಿ ಗುರುತಿಸಲು ಯಂತ್ರವನ್ನೇ ಕೇಳಬಹುದು. ಪ್ರತಿಯೊಂದು ಪಿಸಿಐ ಸಾಧನಕ್ಕೂ ಎರಡು ಸಂಖ್ಯೆಗಳಿರುತ್ತವೆ: ತಯಾರಕರದ್ದೊಂದು, ಸಾಧನದ್ದೊಂದು. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆಯನ್ನು "-ಎನ್‌ಎನ್" ಆಯ್ಕೆಯೊಡನೆ ಕೊಟ್ಟರೆ ಇವು ಕಾಣುತ್ತವೆ. ಫ್ರೀಬಿಎಸ್‌ಡಿಯಲ್ಲಿ ಪಿಸಿಐಕಾನ್ಫ್ ಆಜ್ಞೆಗೆ "-ಎಲ್‌ವಿ" ಸೇರಿಸಬೇಕು. 8086 ಎಂದಿದ್ದರೆ ಇಂಟೆಲ್. ತನ್ನ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಆ ಕಂಪನಿ ಗುರುತಾಗಿ ಇಟ್ಟುಕೊಂಡಿದೆ. 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 15ಬಿ3 ಮೆಲನಾಕ್ಸ್. "8086:1533" ಕಂಡರೆ ಅದು ಇಂಟೆಲ್ ಐ210. "10ಇಸಿ:8168" ಕಂಡರೆ ಅಗ್ಗದ ಕಾರ್ಡುಗಳಲ್ಲೂ ಮದರ್‌ಬೋರ್ಡುಗಳಲ್ಲೂ ಎಲ್ಲೆಲ್ಲೂ ಇರುವ ರಿಯಲ್‌ಟೆಕ್ 8111 ಅಥವಾ 8168. ಮಾರುವವರ ವಿವರಣೆಗಿಂತ ಈ ಎಂಟು ಅಂಕಿಗಳು ಹೆಚ್ಚು ನಂಬಿಕಸ್ಥ.

ಕಾರ್ಡ್ ಸಿಕ್ಕಿಸಿದ ಮೇಲೆ ಕರ್ನಲ್ ಅದನ್ನು ಒಪ್ಪಿಕೊಂಡಿತೋ ಇಲ್ಲವೋ ಎಂದು ಹೇಳುವ ಬಗೆ ಒಂದೊಂದು ಸಿಸ್ಟಂನಲ್ಲಿ ಒಂದೊಂದು. ಫ್ರೀಬಿಎಸ್‌ಡಿಯ ಪಿಸಿಐಕಾನ್ಫ್ ಪಟ್ಟಿಯಲ್ಲಿ ಸಾಲು "ಐಜಿಬಿ0" ಎಂದು ಶುರುವಾದರೆ ಡ್ರೈವರ್ ಸಿಕ್ಕಿದೆ. "ನನ್0" ಎಂದು ಶುರುವಾದರೆ ವಾರಸುದಾರರಿಲ್ಲ. ಓಪನ್‌ಬಿಎಸ್‌ಡಿ ಬೂಟ್ ಆಗುವಾಗ ಗುರುತಿಲ್ಲದ ಸಾಧನದ ಸಾಲಿನ ಕೊನೆಗೆ "ನಾಟ್ ಕಾನ್ಫಿಗರ್ಡ್" ಎಂದು ಹಾಕುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐಗೆ "-ಕೆ" ಸೇರಿಸಿದರೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂಬ ಸಾಲು ಬರುತ್ತದೆ; ಆ ಸಾಲೇ ಬರದಿದ್ದರೆ ಡ್ರೈವರ್ ಇಲ್ಲ.

ಡ್ರೈವರ್ ಬರೆದವರು ಯಾರು?

ಬಿಎಸ್‌ಡಿಗಳಲ್ಲಿ ನೆಟ್‌ವರ್ಕ್ ಇಂಟರ್‌ಫೇಸಿಗೆ ಡ್ರೈವರಿನ ಹೆಸರನ್ನೇ ಇಡುತ್ತಾರೆ. ಇಎಂ0, ಐಜಿಬಿ0, ಐಎಕ್ಸ್0 ಎಂದಿದ್ದರೆ ಇಂಟೆಲ್. ಆರ್‌ಇ0 ಎಂದರೆ ರಿಯಲ್‌ಟೆಕ್. ಬಿಜಿಇ0 ಎಂದರೆ ಬ್ರಾಡ್‌ಕಾಮ್. ಇದರಿಂದ ದೊಡ್ಡ ಅನುಕೂಲವಿದೆ. "ಮ್ಯಾನ್ 4 ಐಜಿಬಿ" ಎಂದು ಕೊಟ್ಟರೆ ಆ ಡ್ರೈವರ್ ಯಾವ ಯಾವ ಚಿಪ್‌ಗಳನ್ನು ನಡೆಸುತ್ತದೆ, ಯಾವ ಸೌಲಭ್ಯಗಳಿವೆ, ತಿಳಿದಿರುವ ದೋಷಗಳೇನು ಎಂಬುದೆಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ಫ್ರೀಬಿಎಸ್‌ಡಿ ಪ್ರತಿ ಬಿಡುಗಡೆಯ ಜೊತೆ ಹಾರ್ಡ್‌ವೇರ್ ಟಿಪ್ಪಣಿಯನ್ನೂ ಹೊರಡಿಸುತ್ತದೆ. ಕೊಳ್ಳುವ ಪಟ್ಟಿ ತಯಾರಾಗಬೇಕಾದ್ದು ಇವನ್ನು ಮುಂದಿಟ್ಟುಕೊಂಡು. ನೀವು ಹಾಕಲಿರುವ ಆವೃತ್ತಿಯ ಪುಟವನ್ನೇ ಓದಿ. ಮುಂದಿನ ಬಿಡುಗಡೆಯಲ್ಲಿ ಬರಲಿರುವ ಡ್ರೈವರ್ ಇವತ್ತು ಉಪಯೋಗಕ್ಕೆ ಬರುವುದಿಲ್ಲ.

ಲಿನಕ್ಸ್ ಈಗ ಇಂಟರ್‌ಫೇಸಿಗೆ ಇಎನ್‌ಪಿ3ಎಸ್0 ಎಂಬಂತೆ ಪಿಸಿಐ ಜಾಗದ ಹೆಸರಿಡುತ್ತದೆ. ಡ್ರೈವರ್ ತಿಳಿಯಲು ಇಥ್‌ಟೂಲ್ ಆಜ್ಞೆಯ "-ಐ" ಆಯ್ಕೆ ಬಳಸಬೇಕು. ಡ್ರೈವರಿನ ಹೆಸರು, ಫರ್ಮ್‌ವೇರ್ ಆವೃತ್ತಿ, ಕಾರ್ಡ್ ಕುಳಿತ ಜಾಗ ಮೂರೂ ಅಲ್ಲಿ ಕಾಣುತ್ತವೆ.

ಡ್ರೈವರ್ ಹುಟ್ಟುವುದು ಮುಖ್ಯವಾಗಿ ಮೂರು ದಾರಿಯಲ್ಲಿ. ಒಂದು, ಚಿಪ್ ತಯಾರಕರೇ ಬರೆದು ಕರ್ನಲ್‌ಗೆ ಒಪ್ಪಿಸುವುದು. ಇಂಟೆಲ್, ಮೆಲನಾಕ್ಸ್, ಚೆಲ್ಸಿಯೊ ಹೀಗೆ ಮಾಡುತ್ತ ಬಂದಿವೆ. ಇಂಟೆಲ್ ಐ210ರಂಥ ಚಿಪ್‌ಗಳ ನೂರಾರು ಪುಟದ ಡೇಟಾಶೀಟನ್ನೂ ಬಹಿರಂಗವಾಗಿ ಇಟ್ಟಿದೆ. ಎರಡು, ತಯಾರಕರು ಕೊಟ್ಟ ದಾಖಲೆ ಓದಿಕೊಂಡು ಸಮುದಾಯದವರು ಬರೆಯುವುದು. 1990ರ ದಶಕದಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿದ್ದ ಡೊನಾಲ್ಡ್ ಬೆಕರ್ ಲಿನಕ್ಸ್‌ಗೆ ಈಥರ್ನೆಟ್ ಡ್ರೈವರ್‌ಗಳ ದೊಡ್ಡ ಸಾಲನ್ನೇ ಬರೆದರು. ಸಾಮಾನ್ಯ ಪಿಸಿಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರ್ ಮಾಡುವ ಬೇವುಲ್ಫ್ ಯೋಜನೆಗೆ ಅಗ್ಗದ ಕಾರ್ಡುಗಳು ನೆಚ್ಚಿಕೊಳ್ಳುವಂತೆ ನಡೆಯಬೇಕಿತ್ತು. ಮೂರು, ದಾಖಲೆಯೇ ಇಲ್ಲದೆ, ತಯಾರಕರ ಮುಚ್ಚಿದ ಡ್ರೈವರ್ ಚಿಪ್ ಜೊತೆ ಏನು ಮಾತಾಡುತ್ತದೆ ಎಂದು ಗಮನಿಸಿ ಹಿಮ್ಮುಖವಾಗಿ ಬಿಡಿಸುವುದು. ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳ ಲಿನಕ್ಸ್ ಡ್ರೈವರ್ ಬಿ43 ಹುಟ್ಟಿದ್ದು ಹಾಗೆ. ಮೂರನೆಯ ದಾರಿಯಲ್ಲಿ ಬಂದ ಡ್ರೈವರ್ ನಡೆದರೂ ವಿದ್ಯುತ್ ಉಳಿತಾಯ, ಪೂರ್ಣ ವೇಗ, ದೋಷ ಪರಿಹಾರ ಇವುಗಳಲ್ಲಿ ಹಿಂದೆ ಬೀಳುವುದು ಸಹಜ.

ಇನ್ನೊಂದು ಬಗೆಯದು ಕರ್ನಲ್‌ನ ಹೊರಗೆ ತಯಾರಕರು ಇಟ್ಟಿರುವ ಡ್ರೈವರ್. ಲಿನಕ್ಸ್ ಕರ್ನಲ್‌ನಲ್ಲೇ ಆರ್8169 ಎಂಬ ಡ್ರೈವರ್ ರಿಯಲ್‌ಟೆಕ್ ಗಿಗಾಬಿಟ್ ಚಿಪ್‌ಗಳನ್ನು ನಡೆಸುತ್ತದೆ. ರಿಯಲ್‌ಟೆಕ್ ಬೇರೆಯಾಗಿ ಆರ್8168 ಎಂಬುದನ್ನು ಕೊಡುತ್ತದೆ. ಹೊರಗಿನ ಡ್ರೈವರ್ ಹಾಕಿಕೊಂಡರೆ ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಂಪೈಲ್ ಮಾಡಬೇಕು. ಡಿಕೆಎಂಎಸ್ ಈ ಕೆಲಸವನ್ನು ತಾನೇ ಮಾಡುತ್ತದಾದರೂ, ಒಂದು ರಾತ್ರಿ ಅಪ್‌ಡೇಟ್ ಆಗಿ ಕಂಪೈಲ್ ಕೈಕೊಟ್ಟರೆ ಬೆಳಗ್ಗೆ ಜಾಲವೇ ಇರುವುದಿಲ್ಲ. ಪರಿಹಾರ ಇಳಿಸಿಕೊಳ್ಳಲು ಜಾಲ ಬೇಕು, ಜಾಲಕ್ಕೆ ಪರಿಹಾರ ಬೇಕು: ಬೀಜ ಮೊದಲೋ ವೃಕ್ಷ ಮೊದಲೋ. ಕರ್ನಲ್ ಒಳಗಿನ ಡ್ರೈವರಿನಿಂದಲೇ ನಡೆಯುವ ಚಿಪ್ಪನ್ನು ಆರಿಸುವುದು ನೆಮ್ಮದಿ.

ಫರ್ಮ್‌ವೇರ್ ಎಂಬ ಇನ್ನೊಂದು ಗಂಟು

ಕೆಲವು ಚಿಪ್‌ಗಳಿಗೆ, ಅದರಲ್ಲೂ ವೈ-ಫೈ ಚಿಪ್‌ಗಳಿಗೆ, ಡ್ರೈವರ್ ಇದ್ದರೂ ಸಾಲದು. ಚಿಪ್ ಒಳಗೆ ಓಡುವ ಪುಟ್ಟ ಪ್ರೋಗ್ರಾಮನ್ನು ಪ್ರತಿ ಬಾರಿ ಬೂಟ್ ಆದಾಗಲೂ ಡ್ರೈವರ್ ಕಡತದಿಂದ ಓದಿ ತುಂಬಬೇಕು. ಈ ಕಡತಗಳು ಹೆಚ್ಚಾಗಿ ತಯಾರಕರ ಸ್ವತ್ತು. ಮೂಲ ಕೋಡ್ ಇರುವುದಿಲ್ಲ. ಮುಕ್ತ ತಂತ್ರಾಂಶದ ಯೋಜನೆಗಳು ಇದನ್ನು ಬೇರೆ ಬೇರೆ ರೀತಿ ನಿಭಾಯಿಸುತ್ತವೆ. ಡೆಬಿಯನ್ ಬಹಳ ವರ್ಷ ಇವನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಿಂದ ದೂರ ಇಟ್ಟಿತ್ತು. 2022ರಲ್ಲಿ ಸದಸ್ಯರ ಮತ ಪಡೆದು, 2023ರ ಡೆಬಿಯನ್ 12ರಿಂದ ಒಳಗೆ ಸೇರಿಸಿತು. ಓಪನ್‌ಬಿಎಸ್‌ಡಿ ಕರ್ನಲ್ ಒಳಗೆ ಮುಚ್ಚಿದ ಡ್ರೈವರ್ ಕೋಡನ್ನು ಬಿಟ್ಟುಕೊಳ್ಳುವುದೇ ಇಲ್ಲ. ಸಾಧನದ ಒಳಗೆ ಓಡುವ ಫರ್ಮ್‌ವೇರನ್ನು ಮಾತ್ರ ಎಫ್‌ಡಬ್ಲ್ಯು-ಅಪ್‌ಡೇಟ್ ಆಜ್ಞೆಯಿಂದ ಆಮೇಲೆ ಇಳಿಸಿಕೊಳ್ಳುತ್ತದೆ. ಇಳಿಸಿಕೊಳ್ಳಲು ಜಾಲ ಬೇಕಾದ್ದರಿಂದ ವೈ-ಫೈ ಒಂದನ್ನೇ ನಂಬಿದ ಲ್ಯಾಪ್‌ಟಾಪ್ ಮೊದಲ ಬೂಟ್‌ನಲ್ಲೇ ಸಿಕ್ಕಿಬೀಳುತ್ತದೆ. ಇಂಥ ಹೊತ್ತಿಗೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಒಳ್ಳೆಯ ಆಸರೆ. ಕೇಬಲ್ ಚುಚ್ಚಿ ಟೆದರಿಂಗ್ ಒತ್ತಿದರೆ ಲಿನಕ್ಸ್‌ಗೂ ಬಿಎಸ್‌ಡಿಗಳಿಗೂ ಫೋನ್ ಒಂದು ಈಥರ್ನೆಟ್ ಸಾಧನದಂತೆ ಕಾಣುತ್ತದೆ.

ಅಗ್ಗದ ಕಾರ್ಡ್ ಎಲ್ಲಿ ಸೋಲುತ್ತದೆ?

ಎರಡೂ "ಗಿಗಾಬಿಟ್" ಆಗಿರುವಾಗ ಒಂದು ಕಾರ್ಡಿಗೆ ಇನ್ನೊಂದರ ಹಲವು ಪಟ್ಟು ಬೆಲೆ ಯಾಕೆ? ಉತ್ತರ ಪ್ಯಾಕೆಟ್ ಲೆಕ್ಕದಲ್ಲಿದೆ. ಗಿಗಾಬಿಟ್ ತಂತಿಯಲ್ಲಿ 1500 ಬೈಟಿನ ದೊಡ್ಡ ಪ್ಯಾಕೆಟ್‌ಗಳು ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 81,000. ಅದೇ ತಂತಿಯಲ್ಲಿ 64 ಬೈಟಿನ ಕನಿಷ್ಠ ಗಾತ್ರದ ಫ್ರೇಮ್‌ಗಳು ಬಂದರೆ ಸೆಕೆಂಡಿಗೆ 14.88 ಲಕ್ಷ, ಒಂದೊಂದಕ್ಕೆ ಸಿಗುವ ಸಮಯ 672 ನ್ಯಾನೊಸೆಕೆಂಡ್. 10 ಗಿಗಾಬಿಟ್‌ನಲ್ಲಿ ಅದು 67 ನ್ಯಾನೊಸೆಕೆಂಡಿಗೆ ಇಳಿಯುತ್ತದೆ. ಆ ಅವಧಿಯಲ್ಲಿ ಪ್ಯಾಕೆಟನ್ನು ತೆಗೆದು, ನಿಯಮಗಳಿಗೆ ಒರೆಹಚ್ಚಿ, ಇನ್ನೊಂದು ಪೋರ್ಟಿಗೆ ತಲುಪಿಸಬೇಕು. ಕೆಲಸದ ಎಷ್ಟು ಪಾಲನ್ನು ಕಾರ್ಡ್ ಹೊರುತ್ತದೆ, ಎಷ್ಟನ್ನು ಸಿಪಿಯು ತಲೆಗೆ ಕಟ್ಟುತ್ತದೆ ಎಂಬುದೇ ಬೆಲೆಯ ವ್ಯತ್ಯಾಸ.

ಒಳ್ಳೆಯ ಕಾರ್ಡ್ ಪ್ಯಾಕೆಟನ್ನು ಡಿಎಂಎ ಮೂಲಕ ನೇರವಾಗಿ ಮೆಮೊರಿಯಲ್ಲಿ, ಡ್ರೈವರ್ ಮೊದಲೇ ತೋರಿಸಿಟ್ಟ ಜಾಗದಲ್ಲಿ ಇಡುತ್ತದೆ. ಈ ಜಾಗಗಳ ಪಟ್ಟಿ ವೃತ್ತಾಕಾರವಾಗಿ ತಿರುಗುತ್ತಿರುವುದರಿಂದ ಅದಕ್ಕೆ ರಿಂಗ್ ಎಂದು ಹೆಸರು. 1990ರ ದಶಕದ ಕೊನೆಯಲ್ಲಿ ಎಲ್ಲೆಡೆ ಹರಡಿದ್ದ ರಿಯಲ್‌ಟೆಕ್ 8139ರಲ್ಲಿ ಸ್ವೀಕರಿಸುವ ಬದಿಗೆ ಇಂಥ ರಿಂಗ್ ಇರಲಿಲ್ಲ. ಬಂದ ಪ್ಯಾಕೆಟ್‌ಗಳನ್ನೆಲ್ಲ ಒಂದೇ ದೊಡ್ಡ ಬಫರ್‌ನಲ್ಲಿ ಸಾಲಾಗಿ ಸುರಿಯುತ್ತಿತ್ತು; ಡ್ರೈವರ್ ಒಂದೊಂದನ್ನೂ ಬೇರೆ ಕಡೆಗೆ ನಕಲು ಮಾಡಿಕೊಳ್ಳಬೇಕಿತ್ತು. ಕಳಿಸುವಾಗ ಇದ್ದದ್ದು ನಾಲ್ಕೇ ಜಾಗ, ಅದೂ ವಿಳಾಸ ಇಂಥ ಅಂಚಿಗೇ ಹೊಂದಿಕೊಂಡಿರಬೇಕೆಂಬ ಕಟ್ಟಳೆ; ಹಾಗಾಗಿ ಅಲ್ಲೂ ನಕಲು. ಫ್ರೀಬಿಎಸ್‌ಡಿಗೆ ಅದರ ಡ್ರೈವರ್ ಬರೆದ ಬಿಲ್ ಪಾಲ್ ಈ ವಿನ್ಯಾಸದ ಮೇಲಿನ ಸಿಟ್ಟನ್ನು ಕೋಡಿನ ಟಿಪ್ಪಣಿಯಲ್ಲೇ ತೋಡಿಕೊಂಡದ್ದು ಬಿಎಸ್‌ಡಿ ವಲಯದಲ್ಲಿ ಇವತ್ತಿಗೂ ನೆನಪಿನಲ್ಲಿದೆ. ಇಂದಿನ ರಿಯಲ್‌ಟೆಕ್ ಚಿಪ್‌ಗಳು ಅಷ್ಟು ಕಳಪೆಯಲ್ಲ, ಅವುಗಳಲ್ಲಿ ರಿಂಗ್ ಇದೆ. ಆದರೂ ಬಿಎಸ್‌ಡಿ ಬಳಸುವವರಲ್ಲಿ ಆ ಹೆಸರಿನ ಬಗ್ಗೆ ಉಳಿದ ಅಳುಕಿಗೆ ಬೇರು ಅಲ್ಲಿದೆ.

ಎರಡನೆಯದು ಇಂಟರಪ್ಟ್. ಅಂಚೆಯವನು ಒಂದೊಂದು ಕಾಗದಕ್ಕೂ ಬೇರೆ ಬೇರೆಯಾಗಿ ಬಂದು ಬಾಗಿಲು ತಟ್ಟಿದರೆ ಮನೆಯವರಿಗೆ ಬೇರೆ ಕೆಲಸವೇ ಆಗುವುದಿಲ್ಲ. ಕಟ್ಟು ಮಾಡಿ ಒಮ್ಮೆ ತಂದರೆ ಇಬ್ಬರಿಗೂ ಸಲೀಸು. ಒಳ್ಳೆಯ ಚಿಪ್ ಹೀಗೆ ಕಟ್ಟು ಮಾಡುತ್ತದೆ; ಲಿನಕ್ಸ್‌ನ ಎನ್‌ಎಪಿಐ ವ್ಯವಸ್ಥೆಯೂ ಭರಾಟೆ ಹೆಚ್ಚಾದಾಗ ಇಂಟರಪ್ಟ್ ನಿಲ್ಲಿಸಿ ತಾನೇ ಹೋಗಿ ಪ್ಯಾಕೆಟ್ ಎತ್ತಿಕೊಳ್ಳುತ್ತದೆ.

ಮೂರನೆಯದು ಕ್ಯೂಗಳ ಸಂಖ್ಯೆ. ಒಂದೇ ಕ್ಯೂ ಇದ್ದರೆ ಯಂತ್ರದಲ್ಲಿ ಎಂಟು ಕೋರ್ ಇದ್ದರೂ ಒಂದೇ ಕೋರ್ ಬೆವರು ಸುರಿಸುತ್ತದೆ. ಐ210ರಲ್ಲಿ ನಾಲ್ಕು ಕ್ಯೂ, ಐ350ರಲ್ಲಿ ಪೋರ್ಟಿಗೆ ಎಂಟು. ಆರ್‌ಎಸ್‌ಎಸ್ ಎಂಬ ವಿಧಾನದಲ್ಲಿ ಚಿಪ್ ಪ್ಯಾಕೆಟ್ಟಿನ ಐಪಿ ವಿಳಾಸ, ಪೋರ್ಟ್ ಸಂಖ್ಯೆ ನೋಡಿ, ಒಂದೊಂದು ಸಂಭಾಷಣೆಯನ್ನು ಒಂದೊಂದು ಕ್ಯೂಗೆ, ಅಲ್ಲಿಂದ ಒಂದೊಂದು ಕೋರ್‌ಗೆ ಹಂಚುತ್ತದೆ.

ನಮ್ಮ ಕಡೆಯ ಫೈಬರ್ ಬಳಕೆದಾರರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಬಿಎಸ್‌ಎನ್‌ಎಲ್ ಸೇರಿದಂತೆ ಹಲವರ ಫೈಬರ್ ಸಂಪರ್ಕ ಪಿಪಿಪಿಒಇ ಮೂಲಕ, ಅಂದರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಬಗೆಯಲ್ಲಿ ಬರುತ್ತದೆ. ಅಲ್ಲಿ ಐಪಿ ಪ್ಯಾಕೆಟ್ ಇನ್ನೊಂದು ಹೊದಿಕೆಯ ಒಳಗಿರುವುದರಿಂದ ಇಂಟೆಲ್‌ನ ಈ ಸಾಮಾನ್ಯ ಚಿಪ್‌ಗಳ ಕಣ್ಣಿಗೆ ಅದರ ವಿಳಾಸ ಬೀಳುವುದಿಲ್ಲ. ಎಲ್ಲವೂ ಮೊದಲ ಕ್ಯೂಗೇ ಹೋಗಿ ಬೀಳುತ್ತದೆ. ಎಂಟು ಕ್ಯೂ ಇರುವ ಕಾರ್ಡಿಗೆ ಕೊಟ್ಟ ಹೆಚ್ಚುವರಿ ದುಡ್ಡು ಆ ಪೋರ್ಟಿನಲ್ಲಿ ದಂಡ. ಇಂಥ ಸಂಪರ್ಕವಿದ್ದರೆ ಕಾರ್ಡಿಗಿಂತ ಒಂದೊಂದು ಕೋರ್ ಚುರುಕಾಗಿರುವ ಪ್ರೊಸೆಸರ್ ಮುಖ್ಯ. ಫ್ರೀಬಿಎಸ್‌ಡಿಯಲ್ಲಿ ನೆಟ್‌ಐಎಸ್‌ಆರ್ ಡಿಸ್ಪ್ಯಾಚ್ ಅನ್ನು "ಡಿಫರ್ಡ್" ಎಂದು ಬದಲಿಸಿ ಕೆಲಸವನ್ನು ಉಳಿದ ಕೋರ್‌ಗಳಿಗೆ ಹಂಚುವ ದಾರಿಯೂ ಇದೆ.

ನಾಲ್ಕನೆಯದು ಆಫ್‌ಲೋಡ್. ಚೆಕ್‌ಸಮ್ ಲೆಕ್ಕ, ದೊಡ್ಡ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ಕತ್ತರಿಸುವ ಟಿಎಸ್‌ಒ, ಬಂದ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸುವ ಎಲ್‌ಆರ್‌ಒ ಇವನ್ನೆಲ್ಲ ಕಾರ್ಡೇ ಮಾಡಬಲ್ಲದು. ಫೈಲ್ ಸರ್ವರ್‌ಗೆ ಇವು ವರ. ಆದರೆ ಫೈರ್‌ವಾಲ್ ಮಾಡುವವರು ಎಲ್‌ಆರ್‌ಒ ಆಫ್ ಮಾಡಿಬಿಡಬೇಕು: ಮುಂದೆ ಸಾಗಿಸಬೇಕಾದ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿದರೆ ಅವುಗಳ ಮೂಲ ರೂಪ ಕೆಡುತ್ತದೆ. ಫೈರ್‌ವಾಲ್‌ಗೆಂದೇ ಇರುವ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎರಡೂ ಟಿಎಸ್‌ಒ, ಎಲ್‌ಆರ್‌ಒಗಳನ್ನು ಮೊದಲೇ ಆಫ್ ಮಾಡಿಟ್ಟಿರುತ್ತವೆ. ಆಫ್‌ಲೋಡ್‌ಗಳ ಉದ್ದ ಪಟ್ಟಿ ನೋಡಿ ಮರುಳಾಗುವ ಮೊದಲು ನಿಮ್ಮ ಕೆಲಸಕ್ಕೆ ಅವು ಬೇಕೇ ಎಂದು ಕೇಳಿಕೊಳ್ಳಿ. ಇದರ ಇನ್ನೊಂದು ತುದಿಯಲ್ಲಿ ನೆಟ್‌ಫ್ಲಿಕ್ಸ್ ಇದೆ. ಫ್ರೀಬಿಎಸ್‌ಡಿ ಓಡಿಸುವ ಅದರ ಒಂದೇ ಸರ್ವರ್ ಸೆಕೆಂಡಿಗೆ 400 ಗಿಗಾಬಿಟ್ ವಿಡಿಯೊ ಕಳಿಸಿದ್ದನ್ನು 2021ರಲ್ಲಿ ಅಲ್ಲಿನ ಎಂಜಿನಿಯರ್‌ಗಳು ವಿವರಿಸಿದರು. ಟಿಎಲ್‌ಎಸ್ ಗೂಢಲಿಪೀಕರಣವನ್ನೂ ಮೆಲನಾಕ್ಸ್ ಕಾರ್ಡಿಗೆ ವಹಿಸಿದ್ದು ಅದರ ಗುಟ್ಟುಗಳಲ್ಲೊಂದು.

ಇಂಟೆಲ್ ಎಂದಮಾತ್ರಕ್ಕೆ ಕಣ್ಣು ಮುಚ್ಚಬೇಡಿ

"ಇಂಟೆಲ್ ತಗೊಳ್ಳಿ, ತಲೆನೋವಿಲ್ಲ" ಎಂಬುದು ಈ ವಲಯದ ಹಳೆಯ ಉಪದೇಶ. ಬಹುಪಾಲು ನಿಜ. ಆದರೆ 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳಲ್ಲಿ ಕರ್ನಲ್‌ನ ಬೇರೊಂದು ಭಾಗದ ದೋಷ ಇಂಟೆಲ್ ಕಾರ್ಡುಗಳ ಶಾಶ್ವತ ಮೆಮೊರಿಯನ್ನೇ ಕೆಡಿಸಿ ಕಾರ್ಡುಗಳನ್ನು ಸಾಯಿಸುತ್ತಿತ್ತು. 2.5 ಗಿಗಾಬಿಟ್‌ನ ಐ225 ಚಿಪ್ಪಿನ ಮೊದಮೊದಲ ತಯಾರಿಕೆಗಳಲ್ಲಿ ಪ್ಯಾಕೆಟ್‌ಗಳ ನಡುವಿನ ಅಂತರದ ದೋಷವಿದ್ದು ಕೆಲವು ಸ್ವಿಚ್‌ಗಳ ಜೊತೆ ಪ್ಯಾಕೆಟ್ ಕಳೆಯುತ್ತಿತ್ತು. ಬಿ3 ಎಂಬ ಪರಿಷ್ಕರಣೆಯಲ್ಲಿ ಸರಿಹೋಯಿತು. ಹಲವು ಮದರ್‌ಬೋರ್ಡುಗಳಲ್ಲಿರುವ ಐ219 ಲಿನಕ್ಸ್‌ನಲ್ಲಿ ಭಾರೀ ಹೊರೆಯಡಿ "ಹಾರ್ಡ್‌ವೇರ್ ಯುನಿಟ್ ಹ್ಯಾಂಗ್" ಎಂಬ ಸಂದೇಶ ಕೊಟ್ಟು ತಡವರಿಸುವುದುಂಟು. ಇಥ್‌ಟೂಲ್‌ನಿಂದ ಟಿಎಸ್‌ಒ ಆಫ್ ಮಾಡುವುದು ಅದಕ್ಕೆ ರೂಢಿಯ ಮದ್ದು. ಅಂದರೆ ಬ್ರ್ಯಾಂಡಿಗಿಂತ ಚಿಪ್ಪಿನ ನಿಖರ ಹೆಸರು ಮುಖ್ಯ, ಹೆಸರಿಗಿಂತ ಅದರ ಪರಿಷ್ಕರಣೆ ಮುಖ್ಯ. ಮಾರುಕಟ್ಟೆಗೆ ಬಂದು ಎರಡು ಮೂರು ವರ್ಷ ಪಳಗಿದ ಚಿಪ್ ಹೊಚ್ಚಹೊಸದಕ್ಕಿಂತ ಸುಖ.

ಎಷ್ಟು ವೇಗ, ಯಾವ ಸ್ಲಾಟ್, ಯಾವ ತಂತಿ

ಮನೆಗೆ ಬರುವ ಸಂಪರ್ಕ ಸೆಕೆಂಡಿಗೆ 100ರಿಂದ 300 ಮೆಗಾಬಿಟ್ ಇದ್ದರೆ ಗಿಗಾಬಿಟ್ ಕಾರ್ಡ್ ಧಾರಾಳ. ಹಳೆಯ ಪಿಸಿಐ ಸ್ಲಾಟ್‌ಗೆ ಹಾಕುವ ಕಾರ್ಡ್ ಮಾತ್ರ ಬೇಡ. ಅದರ ಬಸ್ಸಿನ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 133 ಮೆಗಾಬೈಟ್, ಅದನ್ನೇ ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು. ಗಿಗಾಬಿಟ್ ಈಥರ್ನೆಟ್ ಒಂದೊಂದು ದಿಕ್ಕಿಗೇ 125 ಕೇಳುತ್ತದೆ.

ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ಪೀಳಿಗೆಯಲ್ಲಿ ಒಂದು ಲೇನ್ ದಿಕ್ಕಿಗೆ 250 ಮೆಗಾಬೈಟ್ ಕೊಡುತ್ತದೆ, ಎರಡನೆಯದರಲ್ಲಿ 500, ಮೂರನೆಯದರಲ್ಲಿ ಸುಮಾರು 985. ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಲೆಕ್ಕ ಸುಲಭ. 2.5 ಗಿಗಾಬಿಟ್ ಎಂದರೆ ಸುಮಾರು 312 ಮೆಗಾಬೈಟ್: ಹಳೆಯ ಬೋರ್ಡಿನ ಮೊದಲ ಪೀಳಿಗೆಯ ಒಂದು ಲೇನ್ ಸ್ಲಾಟ್ ಸಾಲದು, ಎರಡನೆಯ ಪೀಳಿಗೆಯದು ಸಾಕು. 10 ಗಿಗಾಬಿಟ್‌ನ ಒಂದು ಪೋರ್ಟಿಗೆ ಎರಡನೆಯ ಪೀಳಿಗೆಯ ನಾಲ್ಕು ಲೇನ್ ಬೇಕು. ನಾಲ್ಕು ಲೇನಿನ ಕಾರ್ಡ್ ಗ್ರಾಫಿಕ್ಸ್‌ಗೆಂದು ಇರುವ ಹದಿನಾರು ಲೇನಿನ ಸ್ಲಾಟ್‌ನಲ್ಲಿ ಕೂರುತ್ತದೆ; ಒಂದು ಲೇನಿನ ಪುಟ್ಟ ಸ್ಲಾಟ್‌ಗೆ, ಅದರ ಹಿಂಬದಿ ತೆರೆದಿಲ್ಲದಿದ್ದರೆ, ಹಿಡಿಸುವುದೇ ಇಲ್ಲ.

2.5 ಗಿಗಾಬಿಟ್‌ನ ಲಾಭ ತಂತಿಯಲ್ಲಿದೆ. ಗೋಡೆಯೊಳಗೆ ಎಳೆದಿರುವ ಕ್ಯಾಟ್5ಇ ತಂತಿಯಲ್ಲೇ 100 ಮೀಟರ್ ಓಡುತ್ತದೆ. ಚಿಪ್ ಆಯ್ಕೆ ಇಲ್ಲಿ ಸ್ವಲ್ಪ ಇಕ್ಕಟ್ಟು. ಅಗ್ಗದ ಕಾರ್ಡುಗಳಲ್ಲಿ ಹೆಚ್ಚಾಗಿ ಇರುವುದು ರಿಯಲ್‌ಟೆಕ್ 8125. ಈಚಿನ ಲಿನಕ್ಸ್‌ನಲ್ಲಿ ಕರ್ನಲ್‌ನ ಆರ್8169 ಅದನ್ನು ನಡೆಸುತ್ತದೆ, ಓಪನ್‌ಬಿಎಸ್‌ಡಿಯಲ್ಲಿ ಆರ್‌ಜಿಇ ಇದೆ; ಫ್ರೀಬಿಎಸ್‌ಡಿ 13, 14ರಲ್ಲಿ ರಿಯಲ್‌ಟೆಕ್‌ನದೇ ಡ್ರೈವರನ್ನು ಪೋರ್ಟ್ಸ್ ಎಂಬ ತಂತ್ರಾಂಶ ಸಂಗ್ರಹದಿಂದ ಬೇರೆಯಾಗಿ ಹಾಕಿಕೊಳ್ಳಬೇಕು. ಫ್ರೀಬಿಎಸ್‌ಡಿಗಾದರೆ ಐಜಿಸಿ ಡ್ರೈವರಿನಲ್ಲಿ ನಡೆಯುವ ಇಂಟೆಲ್ ಐ226 ನೇರ ದಾರಿ.

10 ಗಿಗಾಬಿಟ್‌ಗೆ ಹೋಗುವವರ ಮುಂದೆ ಎರಡು ಬಗೆಯ ಕಿಂಡಿಗಳಿವೆ. ಮಾಮೂಲಿ ಆರ್‌ಜೆ45 ಇರುವ ಕಾರ್ಡಿಗೆ 100 ಮೀಟರ್ ಓಡಲು ಕ್ಯಾಟ್6ಎ ತಂತಿ ಬೇಕು. ವಿದ್ಯುತ್ತೂ ಬಿಸಿಯೂ ಹೆಚ್ಚು. ಎಸ್‌ಎಫ್‌ಪಿ ಪ್ಲಸ್ ಕಿಂಡಿಗೆ ಆಪ್ಟಿಕಲ್ ಮಾಡ್ಯೂಲನ್ನೋ, ಒಂದೇ ರ್‍ಯಾಕ್ ಒಳಗಾದರೆ ಡಿಎಸಿ ಎಂಬ ಸಿದ್ಧ ತಾಮ್ರದ ಕೇಬಲನ್ನೋ ಹಾಕಬಹುದು. ಇಂಟೆಲ್ ಎಕ್ಸ್520 ಕಾರ್ಡ್ ತಾನು ಒಪ್ಪದ ಆಪ್ಟಿಕಲ್ ಮಾಡ್ಯೂಲ್ ಕಂಡರೆ ಪೋರ್ಟನ್ನೇ ಏಳಿಸುವುದಿಲ್ಲ. ಲಿನಕ್ಸ್‌ನ ಐಎಕ್ಸ್‌ಜಿಬಿಇ ಡ್ರೈವರಿನಲ್ಲೂ ಫ್ರೀಬಿಎಸ್‌ಡಿಯ ಐಎಕ್ಸ್‌ನಲ್ಲೂ "ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ" ಎಂಬ ಸೆಟ್ಟಿಂಗ್ 1 ಮಾಡಿದರೆ ಈ ಮಡಿ ಸಡಿಲವಾಗುತ್ತದೆ.

ವೈ-ಫೈ, ಯುಎಸ್‌ಬಿ, ವರ್ಚುವಲ್ ಯಂತ್ರ

ಫೈರ್‌ವಾಲ್ ಯಂತ್ರಕ್ಕೇ ವೈ-ಫೈ ಕಾರ್ಡ್ ಹಾಕಿ ಆಕ್ಸೆಸ್ ಪಾಯಿಂಟ್ ಮಾಡುವ ಆಸೆ ಅನೇಕರಿಗೆ ಬರುತ್ತದೆ. ಬೇಡ ಎಂಬುದೇ ನನ್ನ ಸಲಹೆ. ಇಂಟೆಲ್ ವೈ-ಫೈ ಚಿಪ್‌ಗಳು ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆದರೂ 5 ಗಿಗಾಹರ್ಟ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಆಗಲು ಅವುಗಳ ಫರ್ಮ್‌ವೇರ್ ಸುಲಭಕ್ಕೆ ಬಿಡುವುದಿಲ್ಲ. ಫ್ರೀಬಿಎಸ್‌ಡಿಯಲ್ಲಿ ವೈ-ಫೈ ಬಹಳ ಕಾಲ ಹಿಂದುಳಿದಿತ್ತು. ಲಿನಕ್ಸ್‌ನ ಐಡಬ್ಲ್ಯುಎಲ್‌ವೈಫೈ ಡ್ರೈವರನ್ನು ಹೊಂದಿಸಿಕೊಂಡು ತಂದದ್ದೇ 2022ರ 13.1ರಲ್ಲಿ. ಒಂದು ತಂತಿ ಎಳೆದು ಬೇರೆಯದೇ ಆಕ್ಸೆಸ್ ಪಾಯಿಂಟ್ ಕೂರಿಸಿದರೆ ಎರಡೂ ತಮ್ಮ ತಮ್ಮ ಕೆಲಸ ನೆಟ್ಟಗೆ ಮಾಡುತ್ತವೆ. ಲಿನಕ್ಸ್ ಲ್ಯಾಪ್‌ಟಾಪ್‌ಗೆ ವೈ-ಫೈ ಬೇಕೇಬೇಕೆಂದರೆ, ಇಂಟೆಲ್ ಅಲ್ಲದೆ, ಕರ್ನಲ್‌ನ ಎಂಟಿ76 ಡ್ರೈವರಿನಲ್ಲಿ ನಡೆಯುವ ಮೀಡಿಯಾಟೆಕ್ ಚಿಪ್‌ಗಳನ್ನು ನೋಡಿ.

ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಇನ್‌ಸ್ಟಾಲ್ ಮಾಡುವ ಹೊತ್ತಿಗೆ, ಲ್ಯಾಪ್‌ಟಾಪ್‌ಗೆ, ತುರ್ತಿಗೆ ಒಳ್ಳೆಯದು. ರಿಯಲ್‌ಟೆಕ್ 8153 ಅಥವಾ ಎಎಸ್‌ಐಎಕ್ಸ್ 88179 ಇರುವುದನ್ನು ಆರಿಸಿದರೆ ಲಿನಕ್ಸ್, ಬಿಎಸ್‌ಡಿ ಎರಡಕ್ಕೂ ಡ್ರೈವರ್ ಇದೆ. ಹಗಲೂ ರಾತ್ರಿ ಓಡುವ ಫೈರ್‌ವಾಲಿಗೆ ಮಾತ್ರ ಅದನ್ನು ನೆಚ್ಚಬೇಡಿ.

ವರ್ಚುವಲ್ ಯಂತ್ರದಲ್ಲೂ ಕಾರ್ಡ್ ಆರಿಸುವ ಪ್ರಶ್ನೆ ಇದೆ, ದುಡ್ಡು ಮಾತ್ರ ಬೇಕಿಲ್ಲ. ಕ್ಯೂಇಎಂಯು, ಕೆವಿಎಂಗಳಲ್ಲಿ ಇ1000 ಎಂದು ಆರಿಸಿದರೆ ನಿಜವಾದ ಹಳೆಯ ಇಂಟೆಲ್ ಚಿಪ್ಪಿನ ನಡವಳಿಕೆಯನ್ನೆಲ್ಲ ತಂತ್ರಾಂಶ ಅನುಕರಿಸಬೇಕು. ವರ್ಟಿಯೊ ಆರಿಸಿದರೆ ಅತಿಥಿ ಯಂತ್ರಕ್ಕೆ ತಾನು ವರ್ಚುವಲ್ ಎಂದು ಗೊತ್ತಿದ್ದು, ನಟನೆಯಿಲ್ಲದೆ ನೇರ ವ್ಯವಹಾರ ನಡೆಯುತ್ತದೆ, ವೇಗವೂ ಹೆಚ್ಚು. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರರಲ್ಲೂ ಇದರ ಡ್ರೈವರ್ ಇದೆ.

ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆ

ಸರ್ವರ್‌ಗಳಿಂದ ತೆಗೆದ ಇಂಟೆಲ್ ಐ350, ಎಕ್ಸ್520 ಕಾರ್ಡುಗಳು ಹಳೆ ಸಾಮಾನಿನ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಹೊಸ ಅಗ್ಗದ ಕಾರ್ಡಿಗಿಂತ ಇವೇ ಎಷ್ಟೋ ಮೇಲು. ನೋಡಿಕೊಳ್ಳಬೇಕಾದ್ದು ನಾಲ್ಕು. ಮೊದಲನೆಯದು ನಕಲಿ: ನಾಲ್ಕು ಪೋರ್ಟಿನ ಐ350-ಟಿ4ಗೆ ನಕಲಿಗಳು ಹೇರಳ. ಮೊಹರು ಒಡೆಯದ "ಹೊಸ" ಕಾರ್ಡ್ ನಂಬಲಾಗದ ಬೆಲೆಗೆ ಸಿಕ್ಕರೆ ಅನುಮಾನಿಸಿ. ಡೆಲ್, ಎಚ್‌ಪಿ ಸರ್ವರ್‌ನಿಂದ ತೆಗೆದ, ಅವುಗಳ ಚೀಟಿ ಇರುವ ಹಳೆಯ ಕಾರ್ಡ್ ಅದಕ್ಕಿಂತ ವಾಸಿ. ಎರಡನೆಯದು ಬ್ರಾಕೆಟ್: ಸರ್ವರ್ ಕಾರ್ಡುಗಳಿಗೆ ಗಿಡ್ಡ ಬ್ರಾಕೆಟ್ ಇರುತ್ತದೆ, ಡೆಸ್ಕ್‌ಟಾಪ್‌ಗೆ ಎತ್ತರದ್ದು ಬೇಕು, ಕೇಳಿ ಪಡೆಯಿರಿ. ಮೂರನೆಯದು ಆಕಾರ: ಸರ್ವರ್ ಬೋರ್ಡಿಗೆ ಮಾತ್ರ ಹೊಂದುವ ಮೆಝನೀನ್ ಕಾರ್ಡುಗಳು ಸಾಮಾನ್ಯ ಸ್ಲಾಟ್‌ನಲ್ಲಿ ಕೂರುವುದಿಲ್ಲ. ನಾಲ್ಕನೆಯದು ಗಾಳಿ: ಎಕ್ಸ್520ರಂಥವು ಸರ್ವರ್ ಫ್ಯಾನ್‌ಗಳ ರಭಸಕ್ಕೆ ತಕ್ಕಂತೆ ಮಾಡಿದವು, ಡೆಸ್ಕ್‌ಟಾಪ್‌ನಲ್ಲಿ ಹೀಟ್‌ಸಿಂಕ್ ಎದುರಿಗೆ ಒಂದು ಚಿಕ್ಕ ಫ್ಯಾನ್ ಇಡುವುದು ಕ್ಷೇಮ.

ತಂದ ಮೇಲೆ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕಾರ್ಡನ್ನು ದುಡಿಸಿ ನೋಡಿ. ಇಫ್‌ಕಾನ್ಫಿಗ್ ಅಥವಾ ಇಥ್‌ಟೂಲ್ ಲಿಂಕ್ ವೇಗ 1000 ಎಂದು ತೋರಿಸಬೇಕು. 100 ಎಂದು ತೋರಿಸಿದರೆ ಕಾರ್ಡನ್ನು ಬೈಯುವ ಮುನ್ನ ತಂತಿ ಬದಲಿಸಿ: ಗಿಗಾಬಿಟ್‌ಗೆ ನಾಲ್ಕು ಜೊತೆ ಎಳೆಯೂ ಬೇಕು, ಒಂದು ಜೊತೆ ತುಂಡಾದರೆ ವೇಗ 100ಕ್ಕೆ ಇಳಿಯುತ್ತದೆ. ಆಮೇಲೆ ಐಪರ್ಫ್3 ಓಡಿಸಿ. ಸರಿಯಾದ ಗಿಗಾಬಿಟ್ ಕಾರ್ಡ್ ಟಿಸಿಪಿಯಲ್ಲಿ ಸುಮಾರು 940 ಮೆಗಾಬಿಟ್ ಕೊಡಬೇಕು. ಉಳಿದದ್ದು ಹೆಡರ್‌ಗಳ ಪಾಲು. ಫೈರ್‌ವಾಲ್ ಆದರೆ ಐಪರ್ಫನ್ನು ಅದರ ಮೇಲೆಯೇ ಓಡಿಸಬೇಡಿ; ಎರಡು ಬದಿಗೆ ಎರಡು ಯಂತ್ರ ಇಟ್ಟು ಅದರ ಮೂಲಕ ಹಾಯಿಸಿ, ಆಗ ನಿಜವಾದ ಸಾಮರ್ಥ್ಯ ಕಾಣುತ್ತದೆ. ಕೊನೆಗೆ ನೆಟ್‌ಸ್ಟ್ಯಾಟ್ "-ಐ" ಅಥವಾ ಇಥ್‌ಟೂಲ್ "-ಎಸ್" ಕೊಟ್ಟು ದೋಷಗಳ ಎಣಿಕೆ ನೋಡಿ. ಸಿಆರ್‌ಸಿ ದೋಷ ಏರುತ್ತಿದ್ದರೆ ಮೊದಲು ತಂತಿ ಅಥವಾ ಕನೆಕ್ಟರ್ ಮೇಲೆ ಅನುಮಾನ. "ಮಿಸ್ಡ್" ಏರುತ್ತಿದ್ದರೆ ಯಂತ್ರ ಪ್ಯಾಕೆಟ್‌ಗಳ ವೇಗಕ್ಕೆ ಸಮನಾಗುತ್ತಿಲ್ಲ.

ಹಾಗಾದರೆ ಯಾವುದು?

ಮನೆ ಅಥವಾ ಸಣ್ಣ ಕಚೇರಿಯ ಗಿಗಾಬಿಟ್ ಫೈರ್‌ವಾಲ್, ಅದರಲ್ಲೂ ಫ್ರೀಬಿಎಸ್‌ಡಿ ಮೇಲೆ ಆದರೆ ಇಂಟೆಲ್ ಐ210 ಅಥವಾ ಸೆಕೆಂಡ್‌ಹ್ಯಾಂಡ್ ಐ350. ಸಾಧಾರಣ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಮದರ್‌ಬೋರ್ಡ್ ಮೇಲಿರುವ ರಿಯಲ್‌ಟೆಕ್ ಸಾಕು, ಹೊಸ ಖರ್ಚು ಬೇಡ. 2.5 ಗಿಗಾಬಿಟ್ ಬೇಕಾದರೆ ಬಿಎಸ್‌ಡಿಗೆ ಐ226, ಲಿನಕ್ಸ್‌ಗೆ 8125 ಕೂಡ ಆದೀತು. ಫೈಲ್ ಸರ್ವರ್‌ಗೆ 10 ಗಿಗಾಬಿಟ್ ಬೇಕಾದರೆ ಎಕ್ಸ್520 ಮತ್ತು ಡಿಎಸಿ ಕೇಬಲ್. ವರ್ಚುವಲ್ ಯಂತ್ರಕ್ಕೆ ವರ್ಟಿಯೊ.

ಈ ಹೆಸರುಗಳು ಕೆಲವು ವರ್ಷಗಳಲ್ಲಿ ಹಳತಾಗುತ್ತವೆ, ಆರಿಸುವ ಕ್ರಮ ಹಳತಾಗುವುದಿಲ್ಲ. ಹಾಕುವ ಆಪರೇಟಿಂಗ್ ಸಿಸ್ಟಂನ ಆವೃತ್ತಿ ಬರೆದಿಟ್ಟುಕೊಳ್ಳಿ, ಅದರ ಮ್ಯಾನ್ ಪುಟದಲ್ಲಿ ಚಿಪ್ ಆರಿಸಿ, ಸ್ಲಾಟ್ ಲೆಕ್ಕ ಹಾಕಿ, ಆ ಚಿಪ್ಪಿನ ಹೆಸರು ಹಿಡಿದೇ ಅಂಗಡಿಗೆ ಹೋಗಿ. ಚಿಪ್ ಯಾವುದೆಂದು ಹೇಳಲಾರದವರು ಕನಿಷ್ಠ ಒಂದು ವಾರ ವಾಪಸ್ ತೆಗೆದುಕೊಳ್ಳುವ ಮಾತನ್ನಾದರೂ ಕೊಡಬೇಕು. ಎರಡೂ ಇಲ್ಲದಿದ್ದರೆ ಮುಂದಿನ ಅಂಗಡಿ ನೋಡಿ.